ಸೋಯಾ ಹೊಲದ ಪೊಟ್ಯಾಷ್ ಗಟಾರದ ಪಾಲಾಗದಿರಲಿ



ಮುಂಗಾರು ಹತ್ತಿರ ಬಂದಿದೆ. ಬೀದರ್, ಬೆಳಗಾವಿ, ಧಾರವಾಡ ಕಡೆ ಸೋಯಾ ಬಿತ್ತನೆಗೆ ತಯಾರಿ ನಡೆದಿದೆ. ಬೀಜ ಬಂತು, ಡಿಎಪಿ ಬಂತು. ಪೊಟ್ಯಾಷ್ ತಂದಿರಾ ಎಂದು ಕೇಳಿದರೆ ಮಾತ್ರ ಬಹಳ ಮನೆಗಳಲ್ಲಿ ಒಂದೇ ಉತ್ತರ: “ನಮ್ಮದು ಎರೆಭೂಮಿ, ಅದಕ್ಕೆ ಪೊಟ್ಯಾಷ್ ಬೇಕಾಗಿಲ್ಲ.”

ದನದ ಡಾಕ್ಟರಿಗೆ ಗೊಬ್ಬರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಹೊಟ್ಟಿನ ರೂಪದಲ್ಲಿ ಹೊಲದ ಪೊಟ್ಯಾಷಿನ ಒಂದು ಪಾಲು ನಿಮ್ಮ ಗೋದಲಿಗೇ ಬರುತ್ತದೆ. ಅಲ್ಲಿಂದ ಅದು ಮತ್ತೆ ಹೊಲಕ್ಕೆ ಹೋಗಬೇಕೋ ಗಟಾರಕ್ಕೆ ಹೋಗಬೇಕೋ ಎಂಬುದು ಕೊಟ್ಟಿಗೆ ನೋಡಿಕೊಳ್ಳುವ ನಿಮ್ಮ ಕೈಯಲ್ಲಿದೆ.

ಹೊಲದಿಂದ ಹೋಗುವುದು ಎಷ್ಟು?

ಸೋಯಾ ತನ್ನ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಬಳಸಿಕೊಳ್ಳುತ್ತದೆ. ಆದರೆ ಪೊಟ್ಯಾಷ್ ಗಾಳಿಯಲ್ಲಿಲ್ಲ. ಮಣ್ಣಿನಲ್ಲಿದ್ದರೆ ಉಂಟು, ನಾವು ಕೊಟ್ಟರೆ ಉಂಟು.

ಒಂದು ಕ್ವಿಂಟಲ್ ಸೋಯಾ ಕಾಳು ಮಾರಿದರೆ ಅದರೊಂದಿಗೆ ಸುಮಾರು 2 ಕೆ.ಜಿ. ಪೊಟ್ಯಾಷ್ ಹೊಲ ಬಿಟ್ಟು ಹೋಗುತ್ತದೆ. ಎಕರೆಗೆ 6 ಕ್ವಿಂಟಲ್ ಬಂದರೆ 12 ಕೆ.ಜಿ. ಆಯಿತು. ದಂಟು, ಹೊಟ್ಟಿನಲ್ಲಿ ಹೋಗುವುದು ಬೇರೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 25 ಕೆ.ಜಿ. ಪೊಟ್ಯಾಷ್, ಅಂದರೆ ಎಕರೆಗೆ 10 ಕೆ.ಜಿ. ಇಷ್ಟಕ್ಕೆ ಸುಮಾರು 17 ಕೆ.ಜಿ. ಎಂಒಪಿ ಗೊಬ್ಬರ ಬೇಕು. ಯೂರಿಯಾದಲ್ಲಾಗಲಿ ಡಿಎಪಿಯಲ್ಲಾಗಲಿ ಪೊಟ್ಯಾಷ್ ಒಂದು ಚಿಟಿಕೆಯೂ ಇರುವುದಿಲ್ಲ.

ಎರೆಮಣ್ಣಿನ ಜೇಡಿ ಪೊಟ್ಯಾಷನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ದಾಸ್ತಾನೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ ಎಂಬುದು ನಿಜ. ಆದರೆ ವರ್ಷವರ್ಷವೂ ತೆಗೆಯುತ್ತಾ ಹೋದರೆ ಯಾವ ಕಣಜವೂ ತುಂಬಿರುವುದಿಲ್ಲ. ಮಲೆನಾಡಿನ ಅಂಚಿನ ಕೆಂಪು ಮಣ್ಣಿನಲ್ಲಿ ಕಣಜವೇ ಚಿಕ್ಕದು, ಜೋರು ಮಳೆಗೆ ತೊಳೆದೂ ಹೋಗುತ್ತದೆ. ಸೋಯಾ ಬೆಳೆಯಲ್ಲಿ ಜಗತ್ತಿಗೇ ಮುಂದಿರುವ ಬ್ರೆಜಿಲ್‌ನ ಕೆಂಪು ಮಣ್ಣುಗಳದೂ ಇದೇ ಕಥೆ. ಅಲ್ಲಿ ಪೊಟ್ಯಾಷ್ ಹಾಕದೆ ಒಳ್ಳೆಯ ಸೋಯಾ ಬೆಳೆ ತೆಗೆಯುವುದು ಕಷ್ಟ.

ಪೊಟ್ಯಾಷ್ ಕಡಿಮೆಯಾದರೆ ಗಿಡದ ಕೆಳಗಿನ ಹಳೆಯ ಎಲೆಗಳ ಅಂಚು ಮೊದಲು ಹಳದಿಯಾಗಿ, ಆಮೇಲೆ ಸುಟ್ಟಂತೆ ಕಂದಾಗುತ್ತದೆ. ಕಾಯಿ ಕಡಿಮೆ, ಕಾಳು ಸಣ್ಣದು, ಸುಕ್ಕು. ಕಳೆ ತೆಗೆಯುವಾಗ ಎಲೆಗಳ ಅಂಚು ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಹಸು ಇಟ್ಟುಕೊಳ್ಳುವುದು ಸ್ವಲ್ಪ, ಬಿಡುವುದೇ ಹೆಚ್ಚು

ಹಸು ತಿಂದ ಪೊಟ್ಯಾಷ್ ಅದರ ಮೈಯಲ್ಲಿ ಸೇರಿಕೊಳ್ಳುವುದಿಲ್ಲ. ಒಂದು ಲೀಟರ್ ಹಾಲಿನಲ್ಲಿ ಹೋಗುವುದು ಸುಮಾರು ಒಂದೂವರೆ ಗ್ರಾಂ ಮಾತ್ರ. ಉಳಿದುದರಲ್ಲಿ ಹೆಚ್ಚಿನ ಪಾಲು ಹೊರಬರುವುದು ಸಗಣಿಯಲ್ಲಲ್ಲ, ಗಂಜಲದಲ್ಲಿ. ನಾವು ಸಗಣಿಯನ್ನು ಜೋಪಾನವಾಗಿ ತಿಪ್ಪೆಗೆ ಹಾಕುತ್ತೇವೆ, ಗಂಜಲವನ್ನು ನೀರು ಹೊಯ್ದು ಗಟಾರಕ್ಕೆ ಬಿಡುತ್ತೇವೆ.

ಒಂದು ದೊಡ್ಡ ಹಸು ದಿನಕ್ಕೆ 10 ಲೀಟರಿಗೂ ಹೆಚ್ಚು ಗಂಜಲ ಹಾಕುತ್ತದೆ. ಅದರಲ್ಲಿ ದಿನಕ್ಕೆ 50 ಗ್ರಾಂ ಪೊಟ್ಯಾಷಿಯಂ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ವರ್ಷಕ್ಕೆ 18 ಕೆ.ಜಿ. ಗೊಬ್ಬರದ ಚೀಲದ ಲೆಕ್ಕದಲ್ಲಿ ಇದು ಸುಮಾರು 22 ಕೆ.ಜಿ. ಪೊಟ್ಯಾಷ್. 50 ಕೆ.ಜಿ. ಎಂಒಪಿ ಚೀಲದಲ್ಲಿ ಇರುವುದು 30 ಕೆ.ಜಿ. ಹಸುವಿನ ಗಂಜಲದಲ್ಲಿ ಅರ್ಧದಷ್ಟನ್ನು ಹಿಡಿದಿಟ್ಟರೂ ಒಂದು ಎಕರೆ ಸೋಯಾಕ್ಕೆ ಶಿಫಾರಸಾದಷ್ಟು ಸಿಕ್ಕಂತೆ. ನಮ್ಮ ದೇಶ ಬಳಸುವ ಎಂಒಪಿ ಬಹುತೇಕ ಪೂರ್ತಿ ಹೊರದೇಶದಿಂದ ಬರುತ್ತದೆ ಎಂಬುದನ್ನೂ ನೆನಪಿಡಿ.

ಗಟಾರದ ಪಕ್ಕದ ನೇಪಿಯರ್: ಗಬ್ಬದ ಹಸುವಿಗೆ ಎಚ್ಚರ

ಕೊಟ್ಟಿಗೆ ತೊಳೆದ ನೀರೆಲ್ಲ ಒಂದೇ ನೇಪಿಯರ್ ತುಂಡಿಗೆ ಹೋಗುವ ಮನೆಗಳು ಹಲವು. ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಆದರೆ ಈ ಹುಲ್ಲು ತನಗೆ ಬೇಕಾದುದಕ್ಕಿಂತ ಹೆಚ್ಚು ಪೊಟ್ಯಾಷ್ ಹೀರಿಕೊಳ್ಳುತ್ತದೆ. ಹೊಲ ಹಸಿದಿರುತ್ತದೆ, ಇಲ್ಲಿ ಅಜೀರ್ಣವಾಗಿರುತ್ತದೆ!

ಕರು ಹಾಕುವ ಮುಂಚಿನ ಎರಡು ಮೂರು ವಾರ ಇಂಥ ಹುಲ್ಲನ್ನೇ ಹೊಟ್ಟೆ ತುಂಬ ಹಾಕಿದರೆ, ಮೂಳೆಯಲ್ಲಿರುವ ಸುಣ್ಣದಂಶವನ್ನು ಬೇಕೆಂದಾಗ ರಕ್ತಕ್ಕೆ ತರುವ ಶಕ್ತಿ ಹಸುವಿನಲ್ಲಿ ಕುಗ್ಗುತ್ತದೆ. ಕರು ಹಾಕಿ ಹಾಲು ಇಳಿಯುತ್ತಿದ್ದಂತೆ ಹಾಲುಜ್ವರ ಬರುವ ಅಪಾಯ ಹೆಚ್ಚು. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗಿರುತ್ತದೆ. ಕಿವಿ ತಣ್ಣಗಾಗಿ, ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗಿ ಏಳದಿದ್ದರೆ ತಡಮಾಡದೆ ವೈದ್ಯರನ್ನು ಕರೆಸಿ. ಬಾಯಿಗೆ ಏನನ್ನೂ ಸುರಿಯಬೇಡಿ. ಆ ಎರಡು ಮೂರು ವಾರ ಜೋಳದ ಕಣಿಕೆಯ ಪಾಲು ಹೆಚ್ಚಿಸಿ, ಗಟಾರದ ಪಕ್ಕದ ಹುಲ್ಲನ್ನು ಬೇರೆ ದನಗಳಿಗೆ ಹಾಕಿ.

ಈಗ ಮಾಡಬೇಕಾದ್ದು

1. ಕೊಟ್ಟಿಗೆಯ ನೆಲಕ್ಕೆ ಹಿಂಬದಿಗೆ ಸ್ವಲ್ಪ ಇಳಿಜಾರು ಕೊಟ್ಟು, ಕಾಲುವೆಯ ಕೊನೆಯಲ್ಲಿ ಒಂದು ತೊಟ್ಟಿ ಅಥವಾ ಅರ್ಧ ಡ್ರಮ್ ಹೂಳಿ. ಗಂಜಲವನ್ನು ದಿನವೂ ತಿಪ್ಪೆಯ ಮೇಲೆ ಸುರಿಯಿರಿ. ನೀರು ಹೊಯ್ಯುವ ಮೊದಲೇ ಗಂಜಲ ಎತ್ತಿ.

2. ಮಣ್ಣಿನ ನೆಲವಾದರೆ ದನ ತಿನ್ನದೆ ಬಿಟ್ಟ ಸೋಯಾ ದಂಟು, ಒಣಮಣ್ಣು ಹಾಸಿ. ಒದ್ದೆಯಾದುದನ್ನು ತಿಪ್ಪೆಗೆ ಸೇರಿಸಿ.

3. ಪೊಟ್ಯಾಷ್ ಆವಿಯಾಗಿ ಹಾರುವುದಿಲ್ಲ, ನೀರಿನ ಜೊತೆ ಹರಿದು ಹೋಗುತ್ತದೆ. ಮಳೆಗೆ ಮುಂಚೆ ತಿಪ್ಪೆಯ ಸುತ್ತ ಬದು ಹಾಕಿ, ಮೇಲೆ ಹೊದಿಕೆ ಮಾಡಿ.

4. ಒಲೆಯ ಬೂದಿಯಲ್ಲೂ ಪೊಟ್ಯಾಷ್ ಇದೆ. ಅದನ್ನು ತಿಪ್ಪೆಗೆ ಹಾಕಬೇಡಿ, ಗಂಜಲದ ಸಾರಜನಕ ಹಾರಿಹೋಗುತ್ತದೆ. ನೇರವಾಗಿ ಹೊಲಕ್ಕೆ ಎರಚಿ.

5. ಸೋಯಾ ದಂಟಿಗೆ ಹೊಲದಲ್ಲಿ ಬೆಂಕಿ ಹಚ್ಚಬೇಡಿ.

6. ಮಣ್ಣು ಪರೀಕ್ಷೆ ಮಾಡಿಸಿ. ಪೊಟ್ಯಾಷ್ ಕಡಿಮೆ ಎಂದು ಬಂದರೆ ತಿಪ್ಪೆಗೊಬ್ಬರವೊಂದನ್ನೇ ನಂಬದೆ, ಬಿತ್ತುವಾಗ ಬೀಜಕ್ಕೆ ತಾಗದಂತೆ ಎಂಒಪಿ ಕೊಡಿ.

ಗೊಬ್ಬರದಂಗಡಿಗೆ ಹೋಗುವವರು ಮನೆಯ ಗಂಡಸರೇ ಇರಬಹುದು. ಆದರೆ ಕೊಟ್ಟಿಗೆಯಲ್ಲಿ ದಿನವೂ ಹುಟ್ಟುವ ಗೊಬ್ಬರದ ಲೆಕ್ಕ ಗೊತ್ತಿರುವುದು ನಿಮಗೆ. ಈ ಸಲ ಚೀಲ ತರುವ ಮುಂಚೆ ಆ ಲೆಕ್ಕವನ್ನು ಮನೆಯಲ್ಲಿ ಮಾತಿಗೆ ತನ್ನಿ. ಗಬ್ಬದ ಹಸುವಿನ ಮೇವಿನ ಬಗ್ಗೆ ಅನುಮಾನವಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ; ಊರಿಗೆ ಬಂದಾಗ ಕೊಟ್ಟಿಗೆಯಲ್ಲೇ ನಿಂತು ಮಾತಾಡೋಣ.

— ಪಶುವೈದ್ಯಾಧಿಕಾರಿ