ಹಾವುಮೀನಿನ ಆಹಾರಕ್ರಮವೂ ರೈತರು ತಿಳಿಯತಕ್ಕ ಸಂಗತಿಗಳೂ

ಸಾಲಿಗ್ರಾಮ ಸೀಮೆಯಲ್ಲಿ ಕಾವೇರಿಯ ನೀರು ಚಾಮರಾಜ ನಾಲೆ, ಮಿರ್ಲೆ ನಾಲೆ ಮೊದಲಾದವುಗಳ ಮೂಲಕ ಬತ್ತದ ಗದ್ದೆಗಳಿಗೆ ಹರಿಯುವುದು. ನಾಲೆಯ ನೀರನ್ನು ನಿಲ್ಲಿಸಿದಾಗ ತಗ್ಗಿನ ಮಡುಗಳಲ್ಲಿ ಹಾವಿನಾಕಾರದ ಮೀನು ಕಾಣಬರುವುದುಂಟು. ಇದನ್ನು ಹಾವೆಂದು ಹೆದರಿ ಕೊಲ್ಲುವವರೂ, ಬದುವನ್ನು ಕೆಡಿಸುವ ಶತ್ರುವೆಂದು ಕೊಲ್ಲುವವರೂ ಉಂಟು. ಒಂದು ಪ್ರಾಣಿಯು ರೈತನಿಗೆ ಮಿತ್ರನೋ ಶತ್ರುವೋ ಎಂಬುದನ್ನು ಅದರ ರೂಪದಿಂದಲ್ಲ, ಅದು ತಿನ್ನುವ ಆಹಾರದಿಂದ ನಿರ್ಣಯಿಸತಕ್ಕದ್ದು.

ಮೊದಲು ಒಂದು ಭೇದವನ್ನು ತಿಳಿಯಬೇಕು. ಹಾವುಮೀನೆಂಬ ಹೆಸರಿನಲ್ಲಿ ಎರಡು ಬೇರೆ ಜಾತಿಯ ಮೀನುಗಳನ್ನು ಕರೆಯುವ ವಾಡಿಕೆಯಿದೆ. ಬೆನ್ನಿನ ಮೇಲೆ ಸಾಲಾಗಿ ಸಣ್ಣ ಮುಳ್ಳುಗಳೂ, ಚೂಪಾದ ಮೃದುವಾದ ಮೂತಿಯೂ ಇದ್ದರೆ ಅದು ಮುಳ್ಳು ಹಾವುಮೀನು. ಇದು ಸಿಹಿನೀರಿನಲ್ಲಿಯೇ ಹುಟ್ಟಿ ಅಲ್ಲಿಯೇ ಮೊಟ್ಟೆಯಿಡುವುದು. ಮುಳ್ಳಿಲ್ಲದೆ ಮೈಯೆಲ್ಲ ಲೋಳೆಯಿಂದ ಜಾರುತ್ತಿದ್ದು, ಬೆನ್ನು, ಬಾಲ, ಹೊಟ್ಟೆಗಳ ರೆಕ್ಕೆಗಳು ಒಂದೇ ಅಂಚಾಗಿ ಕೂಡಿದ್ದರೆ ಅದು ನಿಜವಾದ ಹಾವುಮೀನು. ನಮ್ಮ ದೇಶದ ನದಿಗಳಲ್ಲಿ ಇದರ ಎರಡು ಬಗೆಗಳು ಮುಖ್ಯವಾದವು: ಮೈಮೇಲೆ ಮಚ್ಚೆಗಳುಳ್ಳದ್ದೊಂದು, ಮಚ್ಚೆಯಿಲ್ಲದ ಕಂದುಬಣ್ಣದ್ದೊಂದು.

ನಿಜವಾದ ಹಾವುಮೀನು ಕಡಲಿನಲ್ಲಿ ಹುಟ್ಟುವುದು. ಇದು ಕೆಸರಿನಿಂದಲೇ ಉದ್ಭವಿಸುವುದೆಂದು ಪ್ರಾಚೀನ ಗ್ರೀಸಿನ ಅರಿಸ್ಟಾಟಲನು ನಂಬಿದ್ದನು. ಡೆನ್ಮಾರ್ಕಿನ ಯೋಹಾನೆಸ್ ಷ್ಮಿಟ್ ಎಂಬ ವಿದ್ವಾಂಸನು ಅನೇಕ ವರ್ಷ ಕಡಲನ್ನು ಶೋಧಿಸಿ, ಯೂರೋಪಿನ ಹಾವುಮೀನು ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವುದೆಂದು 1922ರಲ್ಲಿ ಪ್ರಕಟಿಸಿದನು. ಕಡಲಿನ ಮರಿಯು ಎಲೆಯಂತೆ ಚಪ್ಪಟೆಯಾಗಿಯೂ ಪಾರದರ್ಶಕವಾಗಿಯೂ ಇದ್ದು, ನೀರಿನಲ್ಲಿ ತೇಲುವ ಸೂಕ್ಷ್ಮ ಕಸಕಣಗಳನ್ನು ತಿಂದು ಬೆಳೆಯುವುದು. ಅನಂತರ ಸುಮಾರು ಎರಡಂಗುಲದ ಗಾಜಿನ ಕಡ್ಡಿಯಂತಾಗಿ ಅಳಿವೆಗಳನ್ನು ಸೇರುವುದು.

ನಮ್ಮ ಕಾವೇರಿಯು ತಂಜಾವೂರಿನ ಕಡೆ ಅನೇಕ ಕವಲುಗಳಾಗಿ ಒಡೆಯುವುದಷ್ಟೆ. ಅವುಗಳಲ್ಲಿ ಕೆಲವು ಮುತ್ತುಪೇಟೆಯ ಬಳಿ ಕಾಂಡ್ಲಾ ಕಾಡಿನ ನಡುವಣ ಹಿನ್ನೀರಿನ ಸರೋವರವನ್ನು ಸೇರುತ್ತವೆ. ಉಪ್ಪುನೀರೂ ಸಿಹಿನೀರೂ ಬೆರೆಯುವ ಇಂತಹ ಸರೋವರಗಳು ಹಾವುಮೀನಿಗೆ ಒಳ್ಳೆಯ ಮೇವಿನ ನೆಲೆಗಳು. ಎಳೆಯದಾಗಿರುವಾಗ ಇದು ಹುಳು, ಕೀಟಗಳ ಮರಿ, ಸಣ್ಣ ಸಿಗಡಿಗಳನ್ನು ತಿನ್ನುವುದು. ದೊಡ್ಡದಾದಂತೆ ಏಡಿ, ಸಿಗಡಿ, ಬಸವನಹುಳು, ಕಪ್ಪೆ, ಸಣ್ಣ ಮೀನುಗಳನ್ನು ಹಿಡಿಯುವುದು. ಸತ್ತ ಮೀನನ್ನೂ ಬಿಡದು. ಹಗಲು ಕೆಸರಿನಲ್ಲಿಯೂ ಕಲ್ಲುಸಂದಿನಲ್ಲಿಯೂ ಅಡಗಿದ್ದು, ರಾತ್ರಿ ವಾಸನೆಯ ಜಾಡಿನಿಂದ ಬೇಟೆಯಾಡುವುದು. ಬಾಯಲ್ಲಿ ಹಿಡಿಸುವಷ್ಟು ಸಣ್ಣದಾದುದನ್ನು ಇಡಿಯಾಗಿ ನುಂಗುವುದು. ದೊಡ್ಡದನ್ನು ಕಡಿದು ತುಂಡರಿಸುವ ಹಲ್ಲುಗಳು ಇದಕ್ಕಿಲ್ಲದ ಕಾರಣ, ಬಾಯಿಂದ ಕಚ್ಚಿ ತನ್ನ ಮೈಯನ್ನೇ ಬುಗುರಿಯಂತೆ ತಿರುಗಿಸಿ ಮಾಂಸವನ್ನು ಹರಿದುಕೊಳ್ಳುವುದು.

ಹೀಗೆ ವರ್ಷಾನುಗಟ್ಟಲೆ ತಿಂದು ಕೊಬ್ಬಿದ ಮೀನು ಕಡೆಗೆ ಕಡಲಿಗೆ ಹೊರಡುವುದು. ಆಗ ಕಣ್ಣುಗಳು ದೊಡ್ಡವಾಗಿ, ಕರುಳು ಕುಗ್ಗಿ, ಆಹಾರವನ್ನೇ ತ್ಯಜಿಸುವುದು. ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ಸಿಹಿನೀರಿನಲ್ಲಿ ಹೊಟ್ಟೆತುಂಬ ಮೇವು ದೊರೆಯದಿದ್ದರೆ ಈ ಪ್ರಯಾಣವು ಸಾಗದು, ಮುಂದಿನ ಸಂತತಿಯೂ ಇಲ್ಲ. ಮರಿಗಳು ಒದ್ದೆಯಾದ ಬಂಡೆಗಳನ್ನು ಹತ್ತಬಲ್ಲವಾದರೂ ಎತ್ತರವಾದ ಒಣಗೋಡೆಯನ್ನು ದಾಟಲಾರವು. ಕಾವೇರಿಗೆ ಕನ್ನಂಬಾಡಿಯಲ್ಲಿ 1911ರಲ್ಲಿ ಕಟ್ಟೆಯ ಕೆಲಸವು ಆರಂಭವಾಯಿತು. ಮೆಟ್ಟೂರಿನ ಕಟ್ಟೆಯು 1934ರಲ್ಲಿ ಮುಗಿಯಿತು. ಇವೆರಡರ ಮೇಲಣ ಚುಂಚನಕಟ್ಟೆ, ಸಾಲಿಗ್ರಾಮಗಳ ಕಡೆ ನಿಜವಾದ ಹಾವುಮೀನು ವಿರಳವಾಗುವುದು ಸಹಜವೇ. ಆದಕಾರಣ ದೊರೆತ ಒಂದೊಂದನ್ನೂ ಹೊಳೆಗೆ ಬಿಡುವುದು ಲೇಸು.

ಕೆರೆ ನಾಲೆಗಳಲ್ಲಿ ನೆಲೆನಿಂತಿರುವ ಮುಳ್ಳು ಹಾವುಮೀನಿನ ಆಹಾರವೂ ಇದೇ ಬಗೆಯದು. ನೀರಿನ ಕೀಟಗಳು, ಎರೆಹುಳು, ಸಣ್ಣ ಸಿಗಡಿ, ಮೀನಿನ ಮರಿಗಳು ಇದಕ್ಕೆ ಪ್ರಿಯ. ಇವೆರಡರಲ್ಲಿ ಯಾವುದೂ ಬತ್ತದ ಪೈರನ್ನು ತಿನ್ನುವುದಿಲ್ಲ. ಬದುವಿನಲ್ಲಿ ಬಿಲ ಕೊರೆದು ನೀರು ಸೋರುವಂತೆ ಮಾಡುವುದೂ, ಎಳೆಯ ಸಸಿಯನ್ನು ಕತ್ತರಿಸುವುದೂ ಗದ್ದೆಯ ಏಡಿಯ ಕೆಲಸ. ಸಂದುಗಳಲ್ಲಿ ಅಡಗುವ ಸ್ವಭಾವದ ಮೀನು ಬಿಲದ ಬಳಿ ಸಿಕ್ಕಿದ ಮಾತ್ರಕ್ಕೆ ಅಪರಾಧವನ್ನು ಅದರ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೆ ಮೀನು ಸಾಕುವ ಕೊಳದಲ್ಲಿ ವಿಷಯವು ಬೇರೆ. ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟ ಕೊಳಕ್ಕೆ ಹಾವುಮೀನು ಹೊಕ್ಕರೆ ರಾತ್ರೋರಾತ್ರಿ ಮರಿಗಳನ್ನು ತಿಂದು ನಷ್ಟವನ್ನುಂಟುಮಾಡುವುದು. ಅಂಥಲ್ಲಿ ಅನುಸರಿಸತಕ್ಕ ಕ್ರಮಗಳು ಇವು: ಮರಿ ಬಿಡುವ ಮುನ್ನ ಕೊಳವನ್ನು ಬರಿದುಮಾಡಿ ತಳದ ಕೆಸರು ಬಿರುಕು ಬಿಡುವವರೆಗೆ ಒಣಗಿಸಬೇಕು, ನೀರು ಬರುವ ತೂಬಿಗೆ ಸಣ್ಣ ಕಣ್ಣಿನ ಬಲೆಯನ್ನು ಕಟ್ಟಬೇಕು, ನಾಲ್ಕಂಗುಲಕ್ಕೆ ಬೆಳೆದ ಮರಿಗಳನ್ನೇ ಬಿಡಬೇಕು, ಒಳಹೊಕ್ಕ ಹಾವುಮೀನನ್ನು ಎರೆಹುಳು ಸಿಕ್ಕಿಸಿದ ಗಾಳದಿಂದಲೋ ಕೂಳಿಯಿಂದಲೋ ರಾತ್ರಿ ಹಿಡಿಯಬೇಕು.

ಯಾವ ಸಂದರ್ಭದಲ್ಲಿಯೂ ಮಡುವಿಗೆ ಕ್ರಿಮಿನಾಶಕವನ್ನಾಗಲಿ ಸಿಡಿಮದ್ದನ್ನಾಗಲಿ ಹಾಕಕೂಡದು. ಬ್ರಿಟಿಷ್ ಇಂಡಿಯಾದಲ್ಲಿ 1897ರ ಮೀನುಗಾರಿಕೆ ಕಾಯಿದೆಯೇ ಇವೆರಡನ್ನೂ ಶಿಕ್ಷಾರ್ಹವೆಂದು ವಿಧಿಸಿತು. ಮೈಸೂರು ಸಂಸ್ಥಾನದಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗಾಗಿ 1901ರಲ್ಲಿ ರೆಗ್ಯುಲೇಷನ್ ಹೊರಟಿತು. ವಿಷ ಹಾಕಿದ ಮಡುವಿನಲ್ಲಿ ಹಾವುಮೀನಿನೊಡನೆ ಅದರ ಆಹಾರವಾದ ಸಮಸ್ತ ಜೀವಿಗಳೂ ನಾಶವಾಗುವುವು. ಆ ನೀರನ್ನೇ ದನಕರುಗಳು ಕುಡಿಯುವುವು.

ಗ್ರಾಮದ ಯಜಮಾನರೂ ಭೂಮಾಲಿಕರೂ ನಾಲೆ ಬಂದಾಗುವ ದಿನಗಳಲ್ಲಿ ಈ ವಿಷಯವನ್ನು ಆಳುಕಾಳುಗಳಿಗೂ ಹುಡುಗರಿಗೂ ತಿಳಿಸತಕ್ಕದ್ದು. ಬೆನ್ನಿನಲ್ಲಿ ಮುಳ್ಳಿದೆಯೇ ಇಲ್ಲವೇ ಎಂದು ನೋಡಿ, ಸಾಕುವ ಕೊಳದಿಂದ ಅದನ್ನು ದೂರವಿರಿಸಿ, ಹರಿಯುವ ನೀರಿನಲ್ಲಿ ಅದರ ಪಾಡಿಗೆ ಅದನ್ನು ಬಿಡುವುದರಿಂದ ಗದ್ದೆಗೂ ಹೊಳೆಗೂ ಹಿತವುಂಟು.