ಮೈಲಾಪುರದ ಸುರಹೊನ್ನೆ

ಚೆನ್ನೈನ ಮೈಲಾಪುರಕ್ಕೆ, ಕಪಾಲೀಶ್ವರನ ದರ್ಶನಕ್ಕೆ ಹೋದಾಗ ಪ್ರಾಕಾರದ ಈ ಮರದ ಬಳಿ ಒಂದು ನಿಮಿಷ ನಿಲ್ಲಿ. ಪಾರ್ವತಿ ನವಿಲಾಗಿ ಶಿವನನ್ನು ಪೂಜಿಸಿದ್ದು ಇದರ ಅಡಿಯಲ್ಲೇ ಎನ್ನುತ್ತದೆ ಸ್ಥಳಪುರಾಣ. ತಮಿಳರಿಗೆ ಇದು ಪುನ್ನೈ. ನಮಗೆ ಸುರಹೊನ್ನೆ!

ಹೂವು ನೋಡಿ. ಬಿಳಿ ಎಸಳು, ನಡುವೆ ಹೊನ್ನಿನ ಬಣ್ಣದ ಕೇಸರಗಳು, ಹಿತವಾದ ಪರಿಮಳ.

ಇದು ಕಡಲಂಚಿನ ಮರ. ಮರಳು ನೆಲ, ಉಪ್ಪುಗಾಳಿ ಯಾವುದಕ್ಕೂ ಜಗ್ಗುವುದಿಲ್ಲ. ದಪ್ಪನೆಯ, ಹೊಳೆಯುವ ಎಲೆಗಳೇ ಇದಕ್ಕೆ ರಕ್ಷೆ.

ಗುಂಡು ಕಾಯಿಯೊಳಗಿನ ಬೀಜ ಒಣಗಿಸಿ ಗಾಣಕ್ಕೆ ಹಾಕಿದರೆ ಹಸಿರು ಛಾಯೆಯ ಮಂದ ಎಣ್ಣೆ ಬರುತ್ತದೆ. ಕರೆಂಟು ಬರುವ ಮೊದಲು ನಮ್ಮ ಕರಾವಳಿಯ ಮನೆಗಳಲ್ಲಿ ಹೊನ್ನೆಣ್ಣೆಯ ದೀಪ ಉರಿಯುತ್ತಿತ್ತು. ಕೀಲುನೋವಿಗೂ ಹಚ್ಚುತ್ತಿದ್ದರು. ಆದರೆ ತಿನ್ನುವಂತಿಲ್ಲ. ಇಂದು ಇದರಿಂದ ಬಯೋಡೀಸೆಲ್ ಕೂಡ ತಯಾರಿಸಬಹುದು. ಸುರಹೊನ್ನೆಯ ಗಟ್ಟಿ ಮರ ದೋಣಿ ಕಟ್ಟಲು ಬರುತ್ತದೆ.

ಬೆಳೆಸುವುದು ಹೇಗೆ? ಬಲಿತ ಬೀಜದ ಗಟ್ಟಿ ಚಿಪ್ಪನ್ನು ಜೋಪಾನವಾಗಿ ಒಡೆದು ತೆಗೆದು ಬಿತ್ತಿ. ಸುಮಾರು 3 ವಾರದಲ್ಲಿ ಮೊಳಕೆ. ಚಿಪ್ಪು ಹಾಗೇ ಇದ್ದರೆ ಸುಮಾರು 2 ತಿಂಗಳು ಕಾಯಬೇಕು.

ನಿಧಾನವಾಗಿ ಬೆಳೆಯುವ ಮರ. ಇವತ್ತು ನೆಟ್ಟರೆ ನೆರಳು ಮೊಮ್ಮಕ್ಕಳಿಗೆ. ಅದಕ್ಕೇ ಇವತ್ತೇ ನೆಡೋಣ.