ತೊಟ್ಟಿಲ ಕೌದಿ

ಹುಟ್ಟಲಿರುವ ಕಂದನಿಗೆ ಮುಂಚಿತವಾಗಿ ಹೊಸ ಬಟ್ಟೆ ಕೊಳ್ಳಬಾರದೆಂಬ ನಂಬಿಕೆ ನಮ್ಮ ಎಷ್ಟೋ ಮನೆಗಳಲ್ಲಿ ಉಂಟು. ಹೆರಿಗೆಯೇ ಮರುಹುಟ್ಟೆನಿಸಿದ್ದ ದಿನಗಳ ಅಂಜಿಕೆ ಅದು. ಹಳೆಯ ಸೀರೆಯನ್ನು ಹರಿದು ಕುಲಾವಿ, ಕಸೆಯಂಗಿ ಹೊಲಿಯುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ವರ್ಷಗಟ್ಟಲೆ ಒಗೆತ ಕಂಡು ಮೆತ್ತಗಾದ ಅಜ್ಜಿಯ ನೂಲಿನ ಸೀರೆಯ ಹಿತ ಅಂಗಡಿಯ ಯಾವ ಹೊಸ ಅರಿವೆಗಿದೆ? ಗುಂಡಿಯ ಬದಲು ಕಸೆ ಕಟ್ಟಿದರೆ ಎಳೆಮೈಗೆ ಒತ್ತುವುದೂ ಇಲ್ಲ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಯರು ಆಫ್ರಿಕದಿಂದ ಬಂದವರ ಸಂತತಿ. ಅಲ್ಲಿನ ಹೆಂಗಸರು ಮಕ್ಕಳು ಮೊಮ್ಮಕ್ಕಳಿಗಾಗಿ ಹೊಲಿಯುವ ಕೌದಿ ಗಾತ್ರದಲ್ಲಿ ಕಿರಿದು; ಬಣ್ಣದಲ್ಲಿ ಮಾತ್ರ ದೊಡ್ಡವರ ಕೌದಿಯನ್ನೂ ಮೀರಿಸುವಂಥದು. ಅಡಿಗೆ ಹಳೆಯ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ತೊಡಗಿ, ಅಂಚಿನ ಗುಂಟ ಸುತ್ತುತ್ತ, ತುಂಡಿಗೆ ತುಂಡು ಸೇರಿಸಿ ಸಾಲುಸಾಲಾಗಿ ಸೂಜಿಯೋಡಿಸಿ, ಕೊನೆಗೆ ನಡುವನ್ನು ಮುಟ್ಟುತ್ತಾರೆ. ಮನೆಮಂದಿಯೆಲ್ಲ ಉಟ್ಟು ತೊಟ್ಟು ಬಿಟ್ಟ ಅರಿವೆಗಳು ಹೀಗೆ ಕೂಸಿನ ಪಾಲಿಗೆ ಒಂದಾಗುತ್ತವೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸಲ್ಮಾನರದರಲ್ಲಿ ಅರ್ಧಚಂದ್ರ ಕಾಣುವುದೂ ಉಂಟು.

ದಪ್ಪ ಹೊದಿಕೆಯನ್ನು ಮಲಗಿದ ಹಸುಗೂಸಿನ ಮೊಗದ ಬಳಿ ಬಿಡಬಾರದೆಂಬ ಇಂದಿನ ವೈದ್ಯರ ಮಾತನ್ನು ವಾಚಕಿಯರು ಮರೆಯದಿರಲಿ, ಉಸಿರು ಕಟ್ಟೀತು. ಕೂಸು ಎಚ್ಚರವಾಗಿರುವಾಗ ತೊಡೆಯ ಮೇಲೆ ಹಾಸಿಕೊಳ್ಳಲು ಅಡ್ಡಿಯೇನು?

ಹೊಲಿಗೆ ಮುಗಿದರೂ ಕೆಲಸ ಮುಗಿಯಿತೆಂದಲ್ಲ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಮಾಡಿದ 'ಫೂಲ', ಎಂದರೆ ಹೂವು, ಕೂಡಿಸಬೇಕು. ಅದಿಲ್ಲದ ಕೌದಿ ಸಿದ್ದಿ ಹೆಂಗಸರ ಕಣ್ಣಿಗೆ ಬೆತ್ತಲೆ.